ಅಮೆರಿಕದಿಂದ ಸ್ಟಾಕ್‌ಹೋಮ್‌ಗೆ: ಯಾವುದಾದ ಮೇಲೆ ಯಾವುದು

ಅಮೆರಿಕದಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಬಂದವರು ಮೊದಲ ತಿಂಗಳು ಮಾಡುವ ತಪ್ಪು ಒಂದೇ, ಎಲ್ಲ ಕೆಲಸಕ್ಕೂ ಒಟ್ಟಿಗೇ ಕೈ ಹಾಕುವುದು. ಅಮೆರಿಕದ ರಾಲೀ ನಗರದಲ್ಲಿ ಹನ್ನೊಂದು ವರ್ಷ ಇದ್ದು, ಆ ದೇಶದ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೆ ಬಂದ ನಾವೂ ಅದನ್ನೇ ಮಾಡಿದೆವು. ಸೋಮವಾರ ಒಂದು ಬ್ಯಾಂಕಿಗೆ ಹೋದೆ. ಗುರುತಿನ ಚೀಟಿ ಕೇಳಿದರು. ಮಂಗಳವಾರ ಗುರುತಿನ ಚೀಟಿ ವಿಚಾರಿಸಿದೆ. ಮೊದಲು ಇಲ್ಲಿ ನೆಲೆಸಿದವರಿಗೆ ಕೊಡುವ ನಂಬರ್ ಬೇಕು ಅಂದರು. ಬುಧವಾರ ನಂಬರ್ ವಿಚಾರಿಸಿದೆ. ಇರುವ ವಿಳಾಸ ಎಲ್ಲಿ ಅಂದರು. ಗುರುವಾರ ಮನೆ ನೋಡಲು ಹೋದರೆ ಇಲ್ಲಿಯ ಬ್ಯಾಂಕ್ ಖಾತೆ ಇದೆಯಾ ಅಂತ ಶುರುವಾಯಿತು. ರಾಲೀಯಲ್ಲಾಗಿದ್ದರೆ ‘ಮ್ಯಾನೇಜರ್ ಕರೀರಿ’ ಅನ್ನುತ್ತಿದ್ದೆ. ಇಲ್ಲಿ ಮ್ಯಾನೇಜರೂ ಅದೇ ಉತ್ತರ ಕೊಡುತ್ತಾರೆ, ಇನ್ನಷ್ಟು ಮೆಲುದನಿಯಲ್ಲಿ.

ಜೋರು ಮಾಡಿದರೆ, ದುಡ್ಡು ಹೆಚ್ಚು ಕೊಟ್ಟರೆ, ನಕ್ಕು ಮಾತಾಡಿಸಿದರೆ ಬೇಗ ಆಗುವ ಕೆಲಸ ಈ ಊರಲ್ಲಿ ಬಹಳ ಕಡಿಮೆ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದೆ. ಆ ಸರಣಿಯನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಹೊರಡುವ ಮುಂಚೆ

ಅಮೆರಿಕದ ಪಾಸ್‌ಪೋರ್ಟ್ ಇದ್ದವರು ವೀಸಾ ಇಲ್ಲದೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಿಯಮದ ಯುರೋಪಿನ ದೇಶಗಳು, ಸ್ವೀಡನ್ನೂ ಸೇರಿ) ಯಾವುದೇ 180 ದಿನಗಳೊಳಗೆ 90 ದಿನ ಇರಬಹುದು. ಹಾಗಂತ ಮೊದಲು ಬಂದುಬಿಟ್ಟು ಆಮೇಲೆ ಕೆಲಸದ ಪರವಾನಗಿ ನೋಡಿಕೊಳ್ಳೋಣ ಅಂದುಕೊಳ್ಳಬೇಡಿ. ಕೆಲಸ ಕೊಟ್ಟ ಕಂಪನಿ ಅರ್ಜಿಯನ್ನು ಶುರುಮಾಡಬೇಕು, ನೀವು ಉಳಿದದ್ದನ್ನು ಆನ್‌ಲೈನಿನಲ್ಲಿ ತುಂಬಬೇಕು, ವಲಸೆ ಇಲಾಖೆಯಾದ ಮಿಗ್ರೇಶನ್ಸ್‌ವೆರ್ಕೆಟ್ ಒಪ್ಪಿದ ಮೇಲೆ ವಿಮಾನ ಹತ್ತಬೇಕು. ಸ್ವೀಡನ್ನಿನವರನ್ನು ಮದುವೆಯಾದವರಿಗೆ, ಅಥವಾ ಮದುವೆಯಾಗದೆ ಜೊತೆಗೆ ಬಾಳುವವರಿಗೆ ಬೇರೆ ದಾರಿ ಇದೆ. ಹಾಗೆ ಬಾಳುವವರಿಗೆ ಇಲ್ಲಿ ‘ಸಾಂಬೂ’ ಅನ್ನುತ್ತಾರೆ. ಕಾನೂನೂ ಅದನ್ನು ಒಪ್ಪುತ್ತದೆ.

ಪರವಾನಗಿ ಎಷ್ಟು ತಿಂಗಳಿಗೆ ಸಿಕ್ಕಿದೆ ನೋಡಿ. ಕನಿಷ್ಠ ಒಂದು ವರ್ಷ ಇರುವವರೆಂದು ತೋರಿಸಿದರೆ ಮಾತ್ರ ಈ ದೇಶದ ಜನರ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರು ಸೇರುತ್ತದೆ.

ಕೈಚೀಲದಲ್ಲಿ ಇರಬೇಕಾದದ್ದು: ಎಲ್ಲರ ಪಾಸ್‌ಪೋರ್ಟ್, ಮಕ್ಕಳ ಜನನ ಪತ್ರದ ಮೂಲ ಪ್ರತಿ, ಮದುವೆ ಪತ್ರ, ಔಷಧಗಳ ಮೂಲ ಹೆಸರು ಬರೆದ ವೈದ್ಯರ ಚೀಟಿ. ನಮ್ಮ ಮದುವೆ ಪತ್ರ ಕನ್ನಡದಲ್ಲಿತ್ತು. ಅನುವಾದ ಮಾಡಿಸಿ ತಂದದ್ದು ನಾನು ಮಾಡಿದ ಕೆಲವೇ ಜಾಣ ಕೆಲಸಗಳಲ್ಲಿ ಒಂದು. ಅಮೆರಿಕದ ಒಂದು ಬ್ಯಾಂಕ್ ಖಾತೆ ಮತ್ತು ಫೋನ್ ನಂಬರನ್ನು ಮುಚ್ಚಬೇಡಿ. ಅಲ್ಲಿನ ಎಲ್ಲ ಒಟಿಪಿಗಳೂ ಆ ನಂಬರಿಗೇ ಬರುತ್ತವೆ. ನಿಮ್ಮ ಕ್ರೆಡಿಟ್ ಕಾರ್ಡಿಗೆ ಪಿನ್ ಇಲ್ಲದಿದ್ದರೆ ಹೊರಡುವ ಮುಂಚೆ ಹಾಕಿಸಿಕೊಳ್ಳಿ, ಇಲ್ಲಿನ ಯಂತ್ರಗಳು ಕೇಳುತ್ತವೆ.

ತರಬಾರದ್ದು ಅಂದರೆ ಪ್ಲಗ್ ಇರುವ ಹೆಚ್ಚಿನದೆಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 230. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳು ಎರಡನ್ನೂ ತಡೆಯುತ್ತವೆ. ಅಕ್ಕಿ ಕುಕ್ಕರ್, ಕೂದಲು ಒಣಗಿಸುವ ಯಂತ್ರ ತಡೆಯುವುದಿಲ್ಲ. ನಮ್ಮಂಥವರಿಗೆ ಇದರಲ್ಲೊಂದು ತಮಾಷೆ ಇದೆ. ಅಮೆರಿಕಕ್ಕೆಂದೇ ಕೊಂಡ 110 ವೋಲ್ಟಿನ ಮಿಕ್ಸಿ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಲ್ಲಿ ಅಮ್ಮನ ಮನೆಯ ಅಟ್ಟದಲ್ಲಿ ಬಿಟ್ಟು ಬಂದ ಹಳೆಯ ಮಿಕ್ಸಿ ಒಂದು ಅಡಾಪ್ಟರ್ ಸಿಕ್ಕಿಸಿದರೆ ಜುಮ್ಮೆಂದು ತಿರುಗುತ್ತದೆ.

ನಂಬರ್

ಊರಿಗೆ ಬಂದಿಳಿದ ವಾರದಲ್ಲೇ ಮಾಡಬೇಕಾದ ಕೆಲಸ ಇದು. ತೆರಿಗೆ ಇಲಾಖೆ ಸ್ಕಾಟ್ಟೆವೆರ್ಕೆಟ್‌ಗೆ ಮನೆಮಂದಿಯೆಲ್ಲ ಖುದ್ದಾಗಿ ಹೋಗಿ ಜನಸಂಖ್ಯಾ ನೋಂದಣಿ ಮಾಡಿಸಬೇಕು. ಜನನ, ಮದುವೆ, ವಿಳಾಸ ಎಲ್ಲವನ್ನೂ ಇಲ್ಲಿ ಬರೆದಿಡುವುದು ತೆರಿಗೆ ಇಲಾಖೆಯೇ. ಪಾಸ್‌ಪೋರ್ಟ್, ನಿವಾಸ ಪರವಾನಗಿ ಕಾರ್ಡ್, ಮನೆಯ ಕರಾರು ಪತ್ರ, ಮದುವೆ ಮತ್ತು ಜನನ ಪತ್ರ ಜೊತೆಗಿರಲಿ.

ಕೆಲವು ವಾರ ಕಾದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬರುತ್ತದೆ. ಅದರಲ್ಲಿ ನಿಮ್ಮ ‘ಪೆರ್ಶೂನ್‌ನುಮ್ಮೆರ್’ ಇರುತ್ತದೆ: ಹುಟ್ಟಿದ ದಿನದ ಆರು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ. ಆ ನಾಲ್ಕರಲ್ಲಿ ಮೂರನೆಯದು ಹೆಂಗಸರಿಗೆ ಸಮ, ಗಂಡಸರಿಗೆ ಬೆಸ. ಕೊನೆಯದು ಲೆಕ್ಕ ತಾಳೆ ನೋಡುವ ಅಂಕಿ. ನೂರು ವರ್ಷ ತುಂಬಿದವರಿಗೆ ಅಡ್ಡಗೆರೆ ಹೋಗಿ ಕೂಡುವ ಗುರುತು ಬರುತ್ತದೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಕಳ್ಳರಿಂದ ಕಾಪಾಡುವ ಹಾಗೆ ಮುಚ್ಚಿಟ್ಟು ರೂಢಿಯಾದವರಿಗೆ ಇಲ್ಲಿ ದಿಗಿಲಾಗುತ್ತದೆ. ಔಷಧದ ಅಂಗಡಿಯಲ್ಲಿ, ಜಿಮ್ಮಿನಲ್ಲಿ, ದಂತವೈದ್ಯರ ಕೌಂಟರಿನಲ್ಲಿ ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ. ಅದು ಗುಟ್ಟಿನ ವಿಷಯವೇ ಅಲ್ಲ.

ಒಂದು ವರ್ಷಕ್ಕಿಂತ ಕಡಿಮೆ ಇರುವವರಿಗೆ ಸಿಗುವುದು ಬೇರೆಯದು, ಹೊಂದಾಣಿಕೆ ನಂಬರ್. ಅದರಲ್ಲಿ ಹುಟ್ಟಿದ ತಾರೀಖಿಗೆ 60 ಕೂಡಿಸಿರುತ್ತಾರೆ. 15ರಂದು ಹುಟ್ಟಿದವರು 75 ಆಗುತ್ತಾರೆ. ತೆರಿಗೆ ಕಟ್ಟಲು ಅದು ಸಾಕು. ಉಳಿದ ಅನೇಕ ಬಾಗಿಲುಗಳು ಅದಕ್ಕೆ ತೆರೆಯುವುದಿಲ್ಲ.

ನನ್ನ ಕಾಗದ ಬರಲು ಬೇರೆಯವರಿಗಿಂತ ತಡವಾಯಿತು. ತಪ್ಪು ನನ್ನದೇ. ಇಲ್ಲಿ ಅಂಚೆಯವರು ನೋಡುವುದು ಬಾಗಿಲಿನ ಮೇಲಿನ ಹೆಸರನ್ನು. ನಾವು ಬಾಡಿಗೆಗಿದ್ದ ಮನೆಯ ಬಾಗಿಲಲ್ಲಿ ಮಾಲೀಕರ ಹೆಸರಷ್ಟೇ ಇತ್ತು, ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಮನೆ ಸೇರಿದ ದಿನವೇ ಒಂದು ಚೀಟಿಯಲ್ಲಿ ನಿಮ್ಮ ಮನೆಹೆಸರು ಬರೆದು ಬಾಗಿಲಿನ ಅಂಚೆ ಕಿಂಡಿಗೆ ಅಂಟಿಸಿ. ಇನ್ನೊಂದು ಸಣ್ಣ ಮಾತು: ಮನೆ ನಂಬರ್ ನಾಲ್ಕು ಅಂಕಿಯದು, ಮೊದಲ ಎರಡು ಮಹಡಿಯನ್ನು ಹೇಳುತ್ತವೆ. 10 ಅಂದರೆ ಬಾಗಿಲ ಮಟ್ಟ, 11 ಅಂದರೆ ಒಂದು ಮಹಡಿ ಮೇಲೆ. ಅಮೆರಿಕದ ಎರಡನೇ ಮಹಡಿ ಇಲ್ಲಿ ಮೊದಲನೆಯದು. ನಮ್ಮೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಚೀಟಿ, ಖಾತೆ, ಬ್ಯಾಂಕ್ ಐಡಿ

ನಂಬರ್ ಬಂದ ಮೇಲೆ ಅದೇ ತೆರಿಗೆ ಇಲಾಖೆಯಲ್ಲಿ ಗುರುತಿನ ಚೀಟಿಗೆ ಅರ್ಜಿ ಹಾಕಿ. ಚೀಟಿ ಕೈಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ. ಕೆಲವು ಬ್ಯಾಂಕುಗಳು ಅಮೆರಿಕದ ಪೌರರೆಂದರೆ ಮುಖ ಸಣ್ಣ ಮಾಡುತ್ತವೆ. 2010ರ ಒಂದು ಅಮೆರಿಕನ್ ಕಾನೂನಿನಿಂದಾಗಿ, ಹೊರದೇಶದ ಬ್ಯಾಂಕುಗಳು ಅಮೆರಿಕನ್ನರ ಖಾತೆಗಳ ವಿವರವನ್ನು ಒಪ್ಪಿಸಬೇಕು. ಅದರ ಬರವಣಿಗೆ ಅವರಿಗೆ ತಲೆನೋವು. ಆದರೆ ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿದವರಿಗೆ ಸಾಧಾರಣ ಪಾವತಿ ಖಾತೆ ಹಕ್ಕು, 2014ರ ನಿರ್ದೇಶನದಲ್ಲಿ ಅದು ಸ್ಪಷ್ಟವಿದೆ. ಒಂದು ಬ್ಯಾಂಕ್ ಇಲ್ಲವೆಂದರೆ ಲಿಖಿತ ಉತ್ತರ ಕೇಳಿ, ಇನ್ನೊಂದಕ್ಕೆ ಹೋಗಿ. ನನಗೆ ಎರಡನೆಯ ಕಡೆ ಸಿಕ್ಕಿತು.

ಖಾತೆಯ ಜೊತೆಗೆ ಬರುವ ‘ಬ್ಯಾಂಕ್ ಐಡಿ’ಯೇ ಇಲ್ಲಿ ನಿಜವಾದ ಬೀಗದ ಕೈ. 2003ರಿಂದ ಇರುವ ಡಿಜಿಟಲ್ ಸಹಿ ಅದು. ವೈದ್ಯರ ಸಮಯ, ಮಗುವಿನ ಶಾಲೆ, ಮನೆ ಕರಾರು, ತೆರಿಗೆ, ಪಾರ್ಸೆಲ್ ಬಿಡಿಸಿಕೊಳ್ಳುವುದು, ಎಲ್ಲಕ್ಕೂ ಫೋನಿನಲ್ಲಿ ಆರು ಅಂಕಿ ಒತ್ತಬೇಕು. ಅದಾದ ಮೇಲೆ ‘ಸ್ವಿಶ್’ ಹಾಕಿಕೊಳ್ಳಿ. ನಮ್ಮ ಯುಪಿಐ ಇದ್ದ ಹಾಗೆ. ಫೋನ್ ನಂಬರಿಗೆ ದುಡ್ಡು ಹೋಗುತ್ತದೆ. ಹಳೆ ಪುಸ್ತಕದ ಸಂತೆಯಲ್ಲೂ, ಶಾಲೆ ಮಕ್ಕಳು ಬನ್ನು ಮಾರುವ ಮೇಜಿನ ಮೇಲೂ ಅದರ ನಂಬರ್ ಬರೆದಿಟ್ಟಿರುತ್ತಾರೆ. ನಗದನ್ನು ಬಹಳ ಅಂಗಡಿಗಳು ಮುಟ್ಟುವುದೇ ಇಲ್ಲ.

ಅಮೆರಿಕದಲ್ಲಿ ಹತ್ತು ವರ್ಷ ಸಾಕಿ ಬೆಳೆಸಿದ ಕ್ರೆಡಿಟ್ ಸ್ಕೋರ್ ಇಲ್ಲಿ ಸೊನ್ನೆ. ಮೊದಲ ವರ್ಷ ತಿಂಗಳ ಬಿಲ್ಲಿನ ಫೋನ್ ಕೂಡ ಸಿಗಲಿಕ್ಕಿಲ್ಲ. ಪ್ರೀಪೇಯ್ಡ್ ಸಿಮ್ ತೆಗೆದುಕೊಳ್ಳಿ, ಅದಕ್ಕೂ ಗುರುತು ತೋರಿಸಬೇಕು.

ಮನೆ

ಸ್ಟಾಕ್‌ಹೋಮ್‌ನಲ್ಲಿ ಬಾಡಿಗೆ ಮನೆಗೂ ಸರತಿ ಸಾಲಿದೆ. ನಗರದ ಬೂಸ್ತಾದ್ಸ್‌ಫರ್ಮೆಡ್ಲಿಂಗನ್ ಎಂಬ ಸಂಸ್ಥೆ ಆ ಸಾಲನ್ನು ನಡೆಸುತ್ತದೆ. ಸಾಲಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ. ನಗರದ ಒಳಭಾಗದಲ್ಲಿ ಹಳೆಯ ಮನೆಗಾಗಿ ಹತ್ತು ವರ್ಷ ದಾಟಿ ಕಾದವರೂ ಇದ್ದಾರೆ. ನಂಬರ್ ಸಿಕ್ಕ ದಿನವೇ ನಿಮ್ಮ ಹೆಸರನ್ನೂ ಸೇರಿಸಿ, ವರ್ಷಕ್ಕೊಮ್ಮೆ ಸಣ್ಣ ಶುಲ್ಕ ಕಟ್ಟಿ, ಮರೆತುಬಿಡಿ. ಶುಲ್ಕ ತಪ್ಪಿಸಿದರೆ ಕಾದ ದಿನಗಳೆಲ್ಲ ಹೋಗುತ್ತವೆ.

ಅಲ್ಲಿಯವರೆಗೆ ‘ಆಂಡ್ರಹಾಂಡ್’, ಅಂದರೆ ಎರಡನೇ ಕೈ ಬಾಡಿಗೆ. ಯಾರದೋ ಮನೆಯನ್ನು ಅವರು ಊರಲ್ಲಿಲ್ಲದಾಗ ನೀವು ಹಿಡಿಯುವುದು. ಇದರಲ್ಲಿ ಎಚ್ಚರ ಬೇಕು. ಮನೆ ಒಳಹೊಕ್ಕು ನೋಡದೆ ಒಂದು ಕ್ರೋನಾವನ್ನೂ ಕಳಿಸಬೇಡಿ. ಕೊಡುವವರಿಗೆ ಕಟ್ಟಡದ ಮಾಲೀಕರಿಂದ ಅಥವಾ ವಸತಿ ಸಂಘದಿಂದ ಒಪ್ಪಿಗೆ ಇದೆಯೇ ಎಂದು ಕಾಗದದಲ್ಲಿ ಕೇಳಿ. ಮುಖ್ಯವಾಗಿ, ಆ ವಿಳಾಸದಲ್ಲಿ ನಿಮ್ಮನ್ನು ನೋಂದಾಯಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳಿ. ಬಾಡಿಗೆ ಕಡಿಮೆ, ಆದರೆ ಹೆಸರು ನೋಂದಾಯಿಸಬೇಡಿ ಅಂದರೆ ಆ ಮನೆ ಬಿಟ್ಟುಬಿಡಿ. ವಿಳಾಸವಿಲ್ಲದೆ ನಂಬರ್ ಇಲ್ಲ, ಮೊದಲ ಗಂಟೇ ಬಿಚ್ಚದೆ ಉಳಿಯುತ್ತದೆ.

ಮನೆಯ ಜಾಹೀರಾತಿನಲ್ಲಿ ‘ಎರಡು’ ಅಂದರೆ ಒಂದು ಮಲಗುವ ಕೋಣೆ ಮತ್ತು ಹಾಲ್. ಅಡುಗೆಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಲೆ, ಫ್ರಿಜ್ ಇರುತ್ತವೆ, ಬಿಸಿ ಮಾಡುವ ಖರ್ಚು ಹೆಚ್ಚಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಮನೆ ವಿಮೆಯನ್ನು ಮೊದಲ ದಿನದಿಂದಲೇ ಮಾಡಿಸಿ. ಸಾಮಾನ್ಯವಾಗಿ ಅದರಲ್ಲೇ 45 ದಿನಗಳ ಪ್ರಯಾಣ ವಿಮೆಯೂ ಬರುತ್ತದೆ.

ಈಗ ಬಟ್ಟೆ ಒಗೆಯುವ ಕೋಣೆ. ಇದಕ್ಕೆ ‘ತ್ವೆಟ್‌ಸ್ತೂಗ’ ಅನ್ನುತ್ತಾರೆ, ಬಹುತೇಕ ಕಟ್ಟಡಗಳ ನೆಲಮಾಳಿಗೆಯಲ್ಲಿ ಇರುತ್ತದೆ. ಮನೆಯೊಳಗೇ ವಾಷರ್, ಡ್ರೈಯರ್ ಇಟ್ಟುಕೊಂಡು ರಾತ್ರಿ ಹನ್ನೊಂದಕ್ಕೂ ಬಟ್ಟೆ ಹಾಕುತ್ತಿದ್ದ ಅಮೆರಿಕದ ಸಂಸಾರಕ್ಕೆ ನಿಜವಾದ ಪರೀಕ್ಷೆ ಇಲ್ಲೇ. ಸಮಯ ಮುಂಚೆಯೇ ಕಾದಿರಿಸಬೇಕು. ಕಟ್ಟಡಕ್ಕೆ ತಕ್ಕಂತೆ, ಕಾದಿರಿಸುವುದು ನಿಮ್ಮ ಹೊತ್ತಿನ ಎದುರು ಬೀಗ ಸಿಕ್ಕಿಸುವ ಹಲಗೆಯಲ್ಲೋ ಕಂಪ್ಯೂಟರ್ ಪರದೆಯಲ್ಲೋ ಆಗಿರುತ್ತದೆ. ಹೇಳಿದ ಹೊತ್ತಿಗೆ ಹೋಗಿ, ಮುಗಿಯುವುದಕ್ಕೆ ಹತ್ತು ನಿಮಿಷ ಮುಂಚೆ ಹೊರಬನ್ನಿ. ಡ್ರೈಯರ್ ಜಾಳಿಗೆಯ ನೂಲುಧೂಳು ತೆಗೆಯಿರಿ, ಸೋಪಿನ ಗೂಡು ಒರೆಸಿ, ನೆಲ ಗುಡಿಸಿ. ನಾನೊಮ್ಮೆ ಜಾಳಿಗೆ ಮರೆತೆ. ಮಾರನೆಯ ದಿನ ಗೋಡೆಯ ಮೇಲೆ ಅಂದವಾದ ಅಕ್ಷರಗಳ ಚೀಟಿ: ‘ಇದನ್ನು ಶುಚಿ ಮಾಡಿಕೊಡಲು ನಿಮ್ಮ ತಾಯಿ ಇಲ್ಲಿ ಇಲ್ಲ.’ ಹೆಸರಿಲ್ಲ, ಸಹಿ ಇಲ್ಲ. ಲಿಫ್ಟಿನಲ್ಲಿ ದಿನಾ ಸಿಗುವ ಆರು ಮುಖಗಳಲ್ಲಿ ಬರೆದವರು ಯಾರು ಅಂತ ಇವತ್ತಿಗೂ ತಿಳಿಯದು.

ಮೈ ಹುಷಾರಿಲ್ಲದಾಗ

ನಂಬರ್ ಬರುವವರೆಗೆ ಪ್ರಯಾಣದ ವಿಮೆ ಇಟ್ಟುಕೊಂಡಿರಿ. ಬಂದ ಮೇಲೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಕಾಯಿಲೆ ಬಿದ್ದಾಗ ನೇರ ಆಸ್ಪತ್ರೆಗೆ ಓಡಬೇಡಿ, 1177ಕ್ಕೆ ಫೋನ್ ಮಾಡಿ. ದಾದಿಯೊಬ್ಬರು ಎಲ್ಲ ಕೇಳಿ, ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಜೀವಕ್ಕೆ ಅಪಾಯವಿದ್ದರೆ 112. ಪ್ರತಿ ಭೇಟಿಗೆ ಸಣ್ಣ ಶುಲ್ಕವಿದೆ, ವರ್ಷಕ್ಕೆ ಇಂತಿಷ್ಟು ಆದ ಮೇಲೆ ಉಳಿದದ್ದು ಉಚಿತ. 2024ರಲ್ಲಿ ಆ ಮಿತಿ 1,400 ಕ್ರೋನಾ ಇತ್ತು. ದೊಡ್ಡವರ ಹಲ್ಲಿನ ಖರ್ಚು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದಿಂದ ಬಂದವರಿಗೆ ಬಿಲ್ ನೋಡಿ ಸಂತೋಷ, ಚಿಕಿತ್ಸೆ ನೋಡಿ ಸಿಟ್ಟು. ಗಂಟಲು ನೋವಿಗೆ ಸುಲಭಕ್ಕೆ ಆಂಟಿಬಯಾಟಿಕ್ ಕೊಡುವುದಿಲ್ಲ. ಪ್ಯಾರಾಸಿಟಮಾಲ್ ತಗೊಳ್ಳಿ, ನೀರು ಕುಡಿಯಿರಿ, ಮಲಗಿ ಅನ್ನುತ್ತಾರೆ. ವರ್ಷಕ್ಕೊಮ್ಮೆ ಮೈಯೆಲ್ಲ ತಪಾಸಣೆ ಮಾಡಿಸುವ ರೂಢಿಯೂ ಇಲ್ಲಿಲ್ಲ. ಎರಡು ವರ್ಷ ಕಳೆದ ಮೇಲೆ, ಬಹುಪಾಲು ಗಂಟಲು ನೋವು ಮಲಗಿದರೇ ಹೋಗುತ್ತದೆ ಎಂದು ನಾನೂ ಒಪ್ಪಿದ್ದೇನೆ. ನಮ್ಮ ಮನೆಯವರು ಇನ್ನೂ ಒಪ್ಪಿಲ್ಲ.

ಓಡಾಟ

ಕಾರು ಕೊಳ್ಳುವ ಮಾತನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಮೆಟ್ರೋಗೆ ನೂರು ನಿಲ್ದಾಣಗಳಿವೆ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ 75 ನಿಮಿಷ ಬಸ್ಸು, ರೈಲು ಎಲ್ಲದರಲ್ಲೂ ಓಡಾಡಬಹುದು. ಮಗುವಿನ ತಳ್ಳುಗಾಡಿ ಜೊತೆಗಿದ್ದರೆ ಬಸ್ಸಿನಲ್ಲಿ ದೊಡ್ಡವರಿಗೂ ಟಿಕೆಟ್ ಇಲ್ಲ.

ಲೈಸೆನ್ಸ್ ವಿಷಯ ಮಾತ್ರ ಈಗಲೇ ತಿಳಿದಿರಲಿ. ನೋಂದಣಿಯಾದ ದಿನದಿಂದ ಒಂದು ವರ್ಷ ಅಮೆರಿಕದ ಲೈಸೆನ್ಸ್ ನಡೆಯುತ್ತದೆ, ಆಮೇಲಿಲ್ಲ. ಜಪಾನಿನವರು ತಮ್ಮದನ್ನು ಕೊಟ್ಟು ಇಲ್ಲಿಯದನ್ನು ಪಡೆಯಬಹುದು, ಅಮೆರಿಕದವರಿಗೆ ಆ ಸೌಲಭ್ಯವಿಲ್ಲ. ಇಪ್ಪತ್ತು ವರ್ಷ ಓಡಿಸಿದ್ದರೂ ಹದಿನೆಂಟರ ಹುಡುಗರ ಜೊತೆ ಕೂತು ಮೊದಲಿಂದ ಕಲಿಯಬೇಕು. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ ಕಲಿಕೆಯ ಅನುಮತಿ ಪಡೆಯಿರಿ. ಆಮೇಲೆ ಕುಡಿತ, ನಿದ್ದೆ ಕುರಿತ ಅಪಾಯ ತರಗತಿ. ಅದರ ನಂತರ ಜಾರುವ ನೆಲದಲ್ಲಿ ಕಾರು ಹಿಡಿತ ತಪ್ಪಿಸಿ ತೋರಿಸುವ ಎರಡನೇ ತರಗತಿ. ಇವೆರಡೂ ಮುಗಿದ ಮೇಲೆ ಲಿಖಿತ ಪರೀಕ್ಷೆ, 65 ಅಂಕದಲ್ಲಿ 52 ಬರಬೇಕು, ಇಂಗ್ಲಿಷಿನಲ್ಲೂ ಬರೆಯಬಹುದು. ಕೊನೆಗೆ ರಸ್ತೆ ಪರೀಕ್ಷೆ. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬೇಕು.

ಅಮೆರಿಕದವರು ರಸ್ತೆ ಪರೀಕ್ಷೆಯಲ್ಲಿ ಎಡವುವುದು ಬಲಗೈ ನಿಯಮದಲ್ಲಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಗಲ್ಲಿಯಾಗಿರಲಿ. ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವ ಹಾಗಿಲ್ಲ. ಕುಡಿತದ ಮಿತಿ ಅಮೆರಿಕದ ಹೆಚ್ಚಿನ ರಾಜ್ಯಗಳದರ ಕಾಲುಭಾಗ. ನಾನು ಎರಡನೇ ಸಲಕ್ಕೆ ಪಾಸಾದೆ, ಅದೂ ಬಲಗೈ ನಿಯಮದ ದಯೆಯಿಂದಲೇ.

ಕೆಲಸ, ಮಕ್ಕಳು, ಮಾತು

ವರ್ಷಕ್ಕೆ 25 ದಿನ ರಜೆ ಕಾನೂನಿನಲ್ಲೇ ಇದೆ, ತೆಗೆದುಕೊಳ್ಳದಿದ್ದರೆ ಮೇಲಿನವರೇ ವಿಚಾರಿಸುತ್ತಾರೆ. ಜುಲೈನಲ್ಲಿ ಊರೇ ಖಾಲಿ. ಯಾವ ಸಹಿ, ಯಾವ ಒಪ್ಪಿಗೆ ಬೇಕಿದ್ದರೂ ಜೂನ್ ಮಧ್ಯದೊಳಗೆ ಪಡೆದುಕೊಳ್ಳಿ. ಭೇಟಿಯನ್ನು ತಾರೀಖಿನ ಬದಲು ವಾರದ ನಂಬರಿನಲ್ಲಿ ಗೊತ್ತು ಮಾಡುತ್ತಾರೆ; ‘ವಾರ 34ರಲ್ಲಿ ಸಿಗೋಣ’ ಅಂದರೆ ಆಗಸ್ಟ್. ಫೋನಿನ ಕ್ಯಾಲೆಂಡರಿನಲ್ಲಿ ವಾರದ ನಂಬರ್ ಕಾಣುವ ಹಾಗೆ ಮಾಡಿಕೊಳ್ಳಿ. ಕಾಫಿ ವಿರಾಮಕ್ಕೆ ‘ಫೀಕಾ’ ಅನ್ನುತ್ತಾರೆ. ಕೆಲಸ ಜಾಸ್ತಿ ಇದೆ ಅಂತ ಅದಕ್ಕೆ ಹೋಗದೆ ಕೂರಬೇಡಿ. ಆಫೀಸಿನ ಅರ್ಧ ವಿಷಯ ಅಲ್ಲೇ ತಿಳಿಯುವುದು.

ಮಗು ಹುಟ್ಟಿದರೆ ತಂದೆತಾಯಿಗೆ ಸೇರಿ 480 ದಿನಗಳ ಭತ್ಯೆ, ಅದರಲ್ಲಿ ತಲಾ 90 ದಿನ ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಒಂದು ವರ್ಷ ತುಂಬಿದ ಮಕ್ಕಳು ಶಿಶುವಿಹಾರಕ್ಕೆ ಸೇರಬಹುದು, ಶುಲ್ಕಕ್ಕೆ ಮಿತಿ ಇದೆ. ಮಳೆ, ಹಿಮ ಏನಿದ್ದರೂ ಮಕ್ಕಳನ್ನು ಹೊರಗೆ ಬಿಡುತ್ತಾರೆ, ನೀರು ಇಳಿಯದ ಅಂಗಿ ಚಡ್ಡಿ ಎರಡು ಜೊತೆ ಬೇಕು. ಶಾಲೆ ಸೇರಿದ ಮೇಲೆ ಮನೆಮಾತಿನ ಪಾಠವನ್ನೂ ಕೇಳಬಹುದು. ಪುರಸಭೆಯಲ್ಲಿ ಐದು ಮಕ್ಕಳು ಕೇಳಿದರೆ, ಕಲಿಸಲು ತಕ್ಕವರು ಸಿಕ್ಕರೆ, ಆ ಭಾಷೆಯನ್ನು ಕಲಿಸುವ ವ್ಯವಸ್ಥೆ ಆಗಬೇಕು. ಕನ್ನಡಕ್ಕೂ ಇದು ಅನ್ವಯ. ಐಟಿ ಕಂಪನಿಗಳಿರುವ ಶಿಸ್ತಾ ಕಡೆಯ ರೈಲಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಹಾಗಾಗಿ ಐವರನ್ನು ಹುಡುಕುವುದು ಕಷ್ಟವಲ್ಲ. ಕಲಿಸುವವರನ್ನು ಹುಡುಕುವುದು ಕಷ್ಟ.

ಸ್ವೀಡಿಷ್ ಕಲಿಯಲು ಪುರಸಭೆಯ ತರಗತಿ ಉಚಿತ. ಇಂಗ್ಲಿಷಿನಲ್ಲೇ ಎಲ್ಲ ನಡೆಯುತ್ತದಲ್ಲ ಅಂತ ಮುಂದೂಡಬೇಡಿ. ಕಾಫಿ ಮೇಜಿನ ಮಾತು, ತ್ವೆಟ್‌ಸ್ತೂಗದ ಚೀಟಿ, ಶಾಲೆಯ ಸುತ್ತೋಲೆ ಎಲ್ಲ ಸ್ವೀಡಿಷಿನಲ್ಲೇ. ಎಲ್ಲರಿಗೂ ‘ದೂ’, ಅಂದರೆ ‘ನೀನು’. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ಹಿರಿಯ ಅಧಿಕಾರಿ ತನ್ನ ಕಚೇರಿಯವರನ್ನೆಲ್ಲ ಹಾಗೆಯೇ ಕರೆಯುತ್ತೇನೆಂದು ಸಾರಿದ್ದು ಏಕವಚನಕ್ಕೆ ಹೊರಳಿದ ಈ ಬದಲಾವಣೆಯ ಗುರುತಾಗಿ ನಿಂತಿದೆ. ಇಂಗ್ಲಿಷಿನಲ್ಲಿ ಒಂದೇ ಶಬ್ದ ಇರುವುದರಿಂದ ಅಮೆರಿಕದ ಗೆಳೆಯರಿಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ಎಂಬತ್ತರ ಪಕ್ಕದ ಮನೆಯ ಅಜ್ಜಿಗೆ ಏಕವಚನ ಬಳಸುವಾಗ ನನ್ನ ನಾಲಗೆ ಮಾತ್ರ ಒಂದು ವರ್ಷ ತಡವರಿಸಿತು.

ಅಪರಿಚಿತರನ್ನು ನೋಡಿ ನಕ್ಕು ‘ಹೇಗಿದ್ದೀರಿ’ ಅಂದರೆ ಗಾಬರಿಯಾಗುತ್ತಾರೆ. ಯಾರದಾದರೂ ಮನೆಗೆ ಕರೆದರೆ ಏಳಕ್ಕೆ ಅಂದರೆ ಏಳಕ್ಕೇ ಹೋಗಿ, ಚಪ್ಪಲಿ ಹೊರಗೆ ಬಿಡಿ. ಎರಡನೆಯದು ನಮಗೆ ಸಲೀಸು, ಮೊದಲನೆಯದಕ್ಕೆ ಅಭ್ಯಾಸ ಬೇಕು. ವೈನ್ ಒಯ್ಯುವುದಾದರೆ ಮುಂಚೆಯೇ ಕೊಂಡಿಡಿ. 3.5 ಶೇಕಡಾ ಮೀರಿದ ಮದ್ಯವನ್ನು ಅಂಗಡಿಯಲ್ಲಿ ಮಾರುವುದು ಸರ್ಕಾರದ ಸಿಸ್ತೆಮ್‌ಬೂಲಾಗೆಟ್. ಅದು ಶನಿವಾರ ಮಧ್ಯಾಹ್ನವೇ ಬಾಗಿಲೆಳೆಯುತ್ತದೆ, ಭಾನುವಾರ ತೆರೆಯುವುದೇ ಇಲ್ಲ.

ಕತ್ತಲೆ

ಚಳಿಗೆ ಹೆದರಬೇಡಿ, ಮಿನಿಯಾಪೊಲಿಸ್‌ನಲ್ಲಿ ಇದ್ದವರು ಸ್ಟಾಕ್‌ಹೋಮ್ ಚಳಿಯನ್ನು ಚಳಿಯೆಂದೇ ಎಣಿಸುವುದಿಲ್ಲ. ಕಷ್ಟ ಕೊಡುವುದು ಬೆಳಕಿನ ಕೊರತೆ. ಡಿಸೆಂಬರ್ ನಡುವಿನಲ್ಲಿ ಸೂರ್ಯ ಎಂಟೂ ಮುಕ್ಕಾಲರ ಹೊತ್ತಿಗೆ ಏಳುತ್ತಾನೆ, ಮೂರಾಗುವ ಮೊದಲೇ ಮುಳುಗುತ್ತಾನೆ. ನವೆಂಬರ್ ಇನ್ನೂ ಕೆಟ್ಟದ್ದು, ನೆಲವನ್ನು ಬೆಳಗಲು ಹಿಮವೂ ಇರುವುದಿಲ್ಲ.

ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ಇದ್ದರೂ ಸರಿ. ವಿಟಮಿನ್ ಡಿ ಬಗ್ಗೆ ಅಕ್ಟೋಬರಿನಲ್ಲೇ ವೈದ್ಯರನ್ನು ಕೇಳಿ. ನಮ್ಮಂಥ ಕಪ್ಪು ಮೈಬಣ್ಣದವರು ಇದನ್ನು ಬಿಡಲೇಬಾರದು. ಮೈಗೆ ತಾಗುವ ಅಂಗಿ ಹತ್ತಿಯದು ಬೇಡ, ಉಣ್ಣೆಯದಿರಲಿ. ಕೋಟಿಗೆ ಬೆಳಕು ಹೊಳೆಯಿಸುವ ಬಿಲ್ಲೆ ಸಿಕ್ಕಿಸಿ. ಬೂಟಿನಡಿಗೆ ಹಾಕುವ ಮುಳ್ಳುಪಟ್ಟಿಯನ್ನು ಮೊದಲ ಹಿಮ ಬೀಳುವ ಮುಂಚೆ ಕೊಳ್ಳಿ, ಬಿದ್ದ ಮೇಲೆ ಅಂಗಡಿಗಳಲ್ಲಿ ಉಳಿಯುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ ಎಲ್ಲ ಕಿಟಕಿಗಳಲ್ಲೂ ದೀಪ ಇಡುತ್ತಾರೆ, ನೀವೂ ಇಡಿ. ನಾವು ದೀಪಾವಳಿಗೆ ಹಚ್ಚಿದ್ದನ್ನು ತೆಗೆಯದೆ ಹಾಗೇ ಮುಂದುವರಿಸಿದೆವು, ಯಾರೂ ಏನೂ ಅನ್ನಲಿಲ್ಲ. ದೋಸೆ ಹಿಟ್ಟು ಹುಳಿಬರಲು ಓವನ್ನಿನೊಳಗೆ ಬರೀ ದೀಪ ಹಾಕಿಟ್ಟರೆ ಸಾಕು.

ಎರಡು ದೇಶದ ತೆರಿಗೆ

ಹಸಿರು ಕಾರ್ಡಿನಿಂದ ಪೌರತ್ವಕ್ಕೆ ಏರಿದಾಗ ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ: ಅಮೆರಿಕದ ಪೌರರು ಯಾವ ದೇಶದಲ್ಲಿದ್ದರೂ ಪ್ರತಿ ವರ್ಷ ಅಲ್ಲಿಗೂ ಲೆಕ್ಕ ಒಪ್ಪಿಸಬೇಕು. ಇಲ್ಲಿ ಕಟ್ಟುವ ತೆರಿಗೆಯೇ ಹೆಚ್ಚಿರುವುದರಿಂದ, ಅದನ್ನು ಕಳೆದುಕೊಳ್ಳಲು ಅವಕಾಶವಿರುವುದರಿಂದ, ಸಂಬಳದ ಮೇಲೆ ಅಲ್ಲಿಗೆ ಸಾಮಾನ್ಯವಾಗಿ ಏನೂ ಬಾಕಿ ಉಳಿಯುವುದಿಲ್ಲ. ಆದರೆ ಫಾರಂ ತುಂಬಲೇಬೇಕು. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅದಕ್ಕೆ ಬೇರೆ ವರದಿ. ಎಲ್ಲರೂ ಹೊಗಳುವ ಸ್ವೀಡನ್ನಿನ ಉಳಿತಾಯ ಖಾತೆ ‘ಐಎಸ್‌ಕೆ’ ತೆರೆದು ಇಲ್ಲಿನ ಮ್ಯೂಚುವಲ್ ಫಂಡ್ ಕೊಳ್ಳಲು ಹೋಗಬೇಡಿ. ಅಮೆರಿಕದ ಕಾನೂನು ಅವುಗಳನ್ನು ಮಲಮಗುವಿನಂತೆ ಕಾಣುತ್ತದೆ, ಒಂದೊಂದು ಫಂಡಿಗೂ ಒಂದೊಂದು ಫಾರಂ. ನಿವೃತ್ತಿ ಲೆಕ್ಕದಲ್ಲಿ ಒಂದು ಸಮಾಧಾನವಿದೆ: 1987ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ ಎರಡೂ ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ನೋಡುತ್ತಾರೆ.

ಸ್ವೀಡನ್ನಿನ ಲೆಕ್ಕ ತುಂಬಿಯೇ ಬರುತ್ತದೆ. ಮೇ ಮೊದಲ ವಾರದೊಳಗೆ ಅಂಕಿ ಸರಿಯಿದೆಯೇ ನೋಡಿ, ಬ್ಯಾಂಕ್ ಐಡಿ ಒತ್ತಿದರೆ ಮುಗಿಯಿತು. ನಾನು ಕಾಫಿ ಸೋಸುವಷ್ಟರಲ್ಲಿ ಮುಗಿಸಿದ್ದೆ. ಹೊರದೇಶದಲ್ಲಿರುವವರಿಗೆ ಅಮೆರಿಕ ಎರಡು ತಿಂಗಳು ಹೆಚ್ಚು ಗಡುವು ಕೊಡುತ್ತದೆ, ಜೂನ್ 15ರವರೆಗೆ. ಹಾಗಾಗಿ ಪ್ರತಿ ವರ್ಷ ಆ ವಾರ ಅಡುಗೆಮನೆಯ ಮೇಜಿನ ತುಂಬ ಕಾಗದ ಹರಡಿಕೊಂಡು ಕೂರುತ್ತೇನೆ. ರಾತ್ರಿ ಹತ್ತಕ್ಕೂ ದೀಪ ಹಾಕುವ ಅಗತ್ಯ ಬೀಳುವುದಿಲ್ಲ.